ಒಂದೂಕಾಲು ಇಂಚು

ಮಾರ್ಚ್ 3

ಅಕ್ಕ,

ಕ್ಷೇಮ ಸಮಾಚಾರ ಆಮೇಲೆ. ನೀನು ಹೊಲಿದುಕೊಟ್ಟ ನೀಲಿ ಅಂಗಿ ಇವತ್ತು ಹರಿಯಿತು. ಈ ವರ್ಷದಲ್ಲಿ ಇದು ಮೂರನೆಯದು. ದೊಡ್ಡ ವೃತ್ತದಲ್ಲಿ ಬಸ್ಸು ತಿರುಗಿಸುತ್ತಿದ್ದೆ, ಕಂಕುಳ ಹತ್ತಿರ ಪರ್ ಎಂದಿತು. ನಮ್ಮ ಕಂಡಕ್ಟರಮ್ಮ ಸೀಟಿ ಬಾಯಿಂದ ತೆಗೆದು, "ಏನ್ರೀ, ಗೇರ್ ಹಾಕಿದ್ರಾ, ಅಂಗಿ ಹರ್ಕೊಂಡ್ರಾ?" ಎಂದಳು. ಮುಂದಿನ ಸೀಟುಗಳಲ್ಲಿ ಕೂತವರೆಲ್ಲ ನಕ್ಕರು. ಉಳಿದ ಐದು ಗಂಟೆ ಮೊಣಕೈಯನ್ನು ಪಕ್ಕೆಗೆ ಅವುಚಿಕೊಂಡು ಅಷ್ಟು ದೊಡ್ಡ ಸ್ಟೇರಿಂಗ್ ತಿರುಗಿಸಿದ್ದೇನೆ. ತೋಳು ನೋಯುತ್ತಿದೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿದೆ.

ಡಿಪೋದಲ್ಲಿ ಬಣ್ಣ ನೀಲಿ ಇದ್ದರೆ ಸಾಕು, ಬಟ್ಟೆ ಯಾವುದಾದರೂ ನಡೆಯುತ್ತದೆ. ಉಳಿದವರೆಲ್ಲ ಬನಿಯನ್ ಬಟ್ಟೆಯ ಟಾಪ್ ಹಾಕಿಕೊಂಡು ಹಾಯಾಗಿದ್ದಾರೆ. ನಿನಗೆ ಹೇಳದೆ ನಾನೂ ಅಂಗಡಿಯಿಂದ ಎರಡು ತಂದೆ. ಎರಡೂ ಎಡಗಡೆಗೆ ಜಾರಿಕೊಂಡು ಹೋಗುತ್ತವೆ. ಚಿಕ್ಕಂದಿನಿಂದ ನೀನು ಹೇಳುತ್ತಾ ಬಂದದ್ದು ನಿಜವೇ ಇರಬೇಕು, "ರೆಡಿಮೇಡ್ ನಮ್ಮನೆಯವರ ಮೈಗೆ ಒಗ್ಗಲ್ಲ" ಅಂತ.

ಹಾಗಾದರೆ ಆ ಬಟ್ಟೆಯಲ್ಲಿ ನೀನೇ ಹೊಲಿದುಕೊಡು ಎಂದು ನಾನು ಕೇಳಿದ್ದಕ್ಕೆ ಹೋದ ವಾರ ನೀನು ಫೋನ್ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಅರ್ಧ ಮಾತಿನಲ್ಲಿ ಇಡೋಕಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಮಿಷನ್ ಒಂದನ್ನು ಕೊಂಡಿದ್ದೇನೆ. ಹೊಲಿದುಕೊಡದಿದ್ದರೆ ಬೇಡ, ಕಲಿಸು. ನನಗೆ ಬೇಕಾದ್ದು ಒಂದೇ ಒಂದು ಟಾಪ್. ಕೈ ಎತ್ತಿದರೆ ಹರಿಯಬಾರದು, ಇಳಿಸಿದರೆ ಜಾರಬಾರದು. ಬಟ್ಟೆಯ ತುಂಡೊಂದನ್ನು ಪಿನ್ ಮಾಡಿದ್ದೇನೆ, ಮುಟ್ಟಿ ನೋಡು.

ಗುಂಡಿ

ಮಾರ್ಚ್ 12

ಗುಂಡಿಗೆ,

ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ನಿನ್ನ ಬೈಗುಳ ಬಂತು. ನಿನಗೆ ಒಂಬತ್ತು ವರ್ಷ ಆದಾಗಿನಿಂದ ಇಲ್ಲಿಯವರೆಗೆ, ಇಪ್ಪತ್ತೇಳು ವರ್ಷ, ನಿನ್ನ ಮೈಮೇಲಿನ ಬಟ್ಟೆಯೆಲ್ಲ ಈ ಕೈಯಲ್ಲೇ ಆದದ್ದು. ಒಂದು ದಿನ ನೀನು ಚೆನ್ನಾಗಿದೆ ಎಂದು ಬರೆದವಳಲ್ಲ. ಹರಿದ ಕೂಡಲೇ ಪೆನ್ನು ಸಿಕ್ಕಿತು.

ಬನಿಯನ್ ಬಟ್ಟೆ ಬಟ್ಟೆಯೇ ಅಲ್ಲ. ಮೈ ಹೇಗಿದೆಯೋ ಹಾಗೆ ಊರಿಗೆಲ್ಲ ತೋರಿಸುತ್ತದೆ. ಎದುರಂಗಡಿಯವಳು ಅಂಥವನ್ನೇ ಬಾಗಿಲ ತುಂಬ ನೇತುಹಾಕಿ ನನ್ನ ಗಿರಾಕಿಗಳನ್ನು ಸೆಳೆದುಕೊಂಡಳು. ಆರು ವರ್ಷದಿಂದ ಅವಳಿಗೂ ನನಗೂ ಮಾತಿಲ್ಲ, ನಿನಗೆ ಗೊತ್ತಿದೆ. ಈಗ ನನ್ನ ತಂಗಿಯೇ ಅದನ್ನು ಹಾಕಿಕೊಳ್ಳುತ್ತಾಳಂತೆ.

ಹಟ ಹಿಡಿದರೆ ನೀನು ಬಿಡುವವಳಲ್ಲ, ಆದ್ದರಿಂದ ಬರೆಯುತ್ತೇನೆ. ಮೊದಲು ಬಟ್ಟೆ ಒಗೆ. ನೇತುಹಾಕಬೇಡ, ಹಾಸಿ ಒಣಗಿಸು. ಕತ್ತರಿಸುವಾಗ ಮೇಜಿನ ಅಂಚಿನಿಂದ ಜೋತುಬೀಳದಂತೆ ನೋಡಿಕೋ, ತನ್ನ ಭಾರಕ್ಕೆ ತಾನೇ ಹಿಗ್ಗಿಬಿಡುತ್ತದೆ. ಹೆಚ್ಚು ಹಿಗ್ಗುವ ಕಡೆ ಮೈಯ ಸುತ್ತ ಬರಲಿ. ತುದಿ ದುಂಡಗಿರುವ ಸೂಜಿಯನ್ನೇ ಕೇಳಿ ತಾ, ಚೂಪಿನದು ನೂಲು ಕಡಿದು ತೂತು ಮಾಡುತ್ತದೆ. ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗಲೇ ಪಟಪಟ ಕಿತ್ತುಬರುತ್ತದೆ, ಸಣ್ಣ ಜಿಗ್‌ಜಾಗ್ ಇಡು. ಎದೆಯ ಅಳತೆಗಿಂತ ಎರಡು ಇಂಚು ಕಮ್ಮಿ ಇಟ್ಟು ಕತ್ತರಿಸು, ಹೆದರಬೇಡ. ಕತ್ತಿನ ಪಟ್ಟಿ ಕತ್ತಿನ ಸುತ್ತಿಗಿಂತ ಗಿಡ್ಡ ಇರಬೇಕು. ಎಳೆ ನೋಡಿಕೊಂಡು ಕೂರಿಸು. ಭುಜದ ಅಳತೆ ನೀನು ತೆಗೆಯುವುದು ಬೇಡ. ನನ್ನ ಪುಸ್ತಕದಲ್ಲಿದೆ, ಹದಿನಾಲ್ಕೂವರೆ. ಅದನ್ನೇ ಇಡು.

ಊಟ ಸರಿಯಾಗಿ ಮಾಡು.

ಅಕ್ಕ

ಮಾರ್ಚ್ 24

ಅಕ್ಕ,

ನಿನ್ನ ಮಾತು ಕೇಳಿ ಕೆಟ್ಟೆ. ಬರೆದಂತೆಯೇ ಮಾಡಿದೆ. ಒಗೆದೆ, ಹಾಸಿದೆ, ಸೂಜಿ ಹುಡುಕಿಕೊಂಡು ನಾಲ್ಕು ಅಂಗಡಿ ಅಲೆದೆ. "ಎಳೆ, ನೋಡಿಕೊಂಡು ಕೂರಿಸು" ಎಂದಿದ್ದೆಯಲ್ಲ, ಎಳೆದೆ. ಪಟ್ಟಿಯನ್ನೂ ಎಳೆದೆ, ಕತ್ತನ್ನೂ ಎಳೆದೆ, ನೋಡಿಕೊಂಡೇ ಎಳೆದೆ. ಮುಗಿದಾಗ ಕತ್ತು ಅಲೆ ಅಲೆಯಾಗಿ ಎದ್ದು ನಿಂತಿತ್ತು. ಡಿಪೋಗೆ ಹಾಕಿಕೊಂಡು ಹೋಗಿದ್ದಕ್ಕೆ ಕಂಡಕ್ಟರಮ್ಮ, "ಇದನ್ನ ನಾಯಿ ಎಳೆದಾಡ್ತಾ?" ಎಂದಳು.

ಬಟ್ಟೆಯೇ ಅಲ್ಲ ಅನ್ನುವವಳಿಗೆ ಈ ಬಟ್ಟೆಯ ವಿಷಯ ಇಷ್ಟೆಲ್ಲ ಹೇಗೆ ಗೊತ್ತು?

ಇನ್ನೊಂದು ಮಾತು. ಎದೆ, ಪಕ್ಕೆ, ಸೊಂಟ ಚೆನ್ನಾಗಿಯೇ ಕೂತಿವೆ. ಎಡಗಡೆ ಮಾತ್ರ ಕತ್ತಿನಿಂದ ಕಂಕುಳಿನವರೆಗೆ ಓರೆಯಾಗಿ ಮೂರು ಮಡಿಕೆ ಬೀಳುತ್ತವೆ. ಬಲಗಡೆ ಒಂದೂ ಇಲ್ಲ. ಬಟ್ಟೆಯನ್ನು ಮಡಿಸಿ, ಅರ್ಧ ಕಾಗದ ಇಟ್ಟು ಕತ್ತರಿಸಿದ್ದೇನೆ. ಎರಡೂ ಕಡೆ ಒಂದೇ ಅಲ್ಲವೆ ಆಗಬೇಕಾದ್ದು? ಯಾಕೆ ಹೀಗೆ?

ಗುಂಡಿ

ಏಪ್ರಿಲ್ 2

ಗುಂಡಿಗೆ,

ಎಳೆ ಅಂದರೆ ನೂಲಿನ ಎಳೆ, ಪೆದ್ದಿ. ಬಟ್ಟೆಯ ಎಳೆ ಯಾವ ಕಡೆ ಹೋಗುತ್ತದೆ ನೋಡಿಕೊಂಡು ಕೂರಿಸು ಎಂದೆ. ಹಗ್ಗ ಜಗ್ಗಾಟ ಆಡು ಎಂದೆನೆ? ಮಧ್ಯದಲ್ಲಿ ಅಲ್ಪವಿರಾಮ ನಾನು ಹಾಕಿದ್ದಲ್ಲ, ನೀನು ಹಾಕಿಕೊಂಡದ್ದು. ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಬೇಕು, ಕತ್ತನ್ನು ಮುಟ್ಟಲೂ ಬಾರದು. ಬಟ್ಟೆಯನ್ನು ಮಿಷನ್ನೇ ಮುಂದಕ್ಕೆ ಒಯ್ಯಲಿ, ನಿನ್ನ ಕೈ ಸುಮ್ಮನೆ ಮೇಲಿದ್ದರೆ ಸಾಕು.

ಮಡಿಕೆಯದು ನಿನ್ನ ಕತ್ತರಿಯ ತಪ್ಪು. ಕೆಳಗಿನ ಪದರ ಸರಿದಿರಬೇಕು. ಇಲ್ಲವೆ ಎಡಗಡೆ ಹೊಲಿಯುವಾಗ ಎಳೆದಿರುತ್ತೀ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮತ್ತೆ ಕತ್ತರಿಸು. ಕೈ ಪಳಗುವವರೆಗೆ ಹಾಗೇ.

ಗಟ್ಟಿ ಬಟ್ಟೆಯಲ್ಲಿ ಎರಡು ಅಂಗಿ ಹೊಲಿಯಲು ಶುರು ಮಾಡಿದ್ದೇನೆ, ಕಂಕುಳಿಗೆ ಜೋಡಿ ಹೊಲಿಗೆ ಹಾಕಿ. ಅದನ್ನೇ ಹಾಕಿಕೋ. ಈ ಹುಚ್ಚು ಬಿಡು.

ಅಕ್ಕ

ಏಪ್ರಿಲ್ 20

ಅಕ್ಕ,

ಮತ್ತೆ ಕತ್ತರಿಸಿದೆ. ಒಂದಲ್ಲ, ಮೂರು ಸಲ. ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಪದರ ಸರಿಯದ ಹಾಗೆ ಸುತ್ತಲೂ ಪಿನ್ ಚುಚ್ಚಿದೆ. ಕತ್ತಿನ ಪಟ್ಟಿ ನೀನೇ ಹೊಲಿದ ಹಾಗೆ ಬಂತು, ಅಂಚು ಬಂತು, ತೋಳು ಬಂತು. ಎಡಗಡೆ ಅವೇ ಮೂರು ಮಡಿಕೆ. ಮೂರನೆಯ ಸಲ ಕತ್ತರಿ ಗೋಡೆಗೆ ಎಸೆದೆ. ನನ್ನ ಕೈಯನ್ನೇ ಶಪಿಸಿಕೊಂಡೆ. ಈ ಕೈಗೆ ಸ್ಟೇರಿಂಗ್ ಬಿಟ್ಟು ಬೇರೇನೂ ಬರುವುದಿಲ್ಲ ಅಂದುಕೊಂಡೆ. ನಾನು ಹಾಗಂದುಕೊಳ್ಳಲಿ ಅಂತಲೇ ನೀನು ಬರೆದದ್ದಲ್ಲವೆ?

ಕೊನೆಗೆ ಒಂದು ಉಪಾಯ ಹೊಳೆಯಿತು. ಅಕ್ಕ ಹೊಲಿದದ್ದು ಸರಿಯಾಗಿ ಕೂರುತ್ತದಲ್ಲ, ಅದನ್ನೇ ಬಿಚ್ಚಿ ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳೋಣ ಎಂದು. ಹರಿದ ನೀಲಿ ಅಂಗಿಯ ಭುಜ ಬಿಚ್ಚಿದೆ. ಬಲಗಡೆ ಪ್ಯಾಡಿನಲ್ಲಿ ಒಂದು ಪದರ ಅರಿವೆ. ಎಡಗಡೆ ಆರು ಪದರ, ಕಾಣದ ಹಾಗೆ ಸಣ್ಣ ಸಣ್ಣ ಕೈಹೊಲಿಗೆ ಹಾಕಿ ಒಂದರ ಮೇಲೊಂದು ಕೂರಿಸಿದ್ದೀ. ಪೆಟ್ಟಿಗೆಯಲ್ಲಿದ್ದ ನಿನ್ನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ನೀಲಿಯದೂ ಸೇರಿ ಹನ್ನೊಂದು ಅಂಗಿ, ಹನ್ನೊಂದರಲ್ಲೂ ಹಾಗೇ.

ಕಂಡಕ್ಟರಮ್ಮನನ್ನು ಕರೆದು, ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡೂ ಭುಜದ ಹತ್ತಿರ ಪೆನ್ಸಿಲ್ ಗುರುತು ಹಾಕಿಸಿದೆ. "ಅಯ್ಯೋ, ನಿಮಗೆ ಗೊತ್ತಿರ್ಲಿಲ್ವಾ?" ಎಂದಳು. ಅವಳಿಗೆ ಗೊತ್ತಿತ್ತಂತೆ, ಹಿಂದಿನ ಸೀಟಿನಿಂದ ದಿನಾ ನೋಡುತ್ತಾಳಂತೆ. ಎಡ ಭುಜ ಒಂದೂಕಾಲು ಇಂಚು ಕೆಳಗಿದೆ.

ನೆಲ ಡೊಂಕೇ ಇತ್ತು, ಅಕ್ಕ.

ಶಾಲೆಯ ಚೀಲ ಎಡ ಹೆಗಲ ಮೇಲೆ ನಿಲ್ಲುವುದಿಲ್ಲ ಎಂದು ಅತ್ತಾಗಲೆಲ್ಲ ನೀನು, "ಗೂನು ಹಾಕ್ಕೊಂಡು ನಡೀತೀಯ, ಸೋಮಾರಿ, ನೆಟ್ಟಗೆ ನಡಿ" ಎನ್ನುತ್ತಿದ್ದೆ. ಕಾಲೇಜಿಗೆ ಹೋಗುವಾಗಲೂ ಅದೇ. ಇಡೀ ವಯಸ್ಸು ನಾನು ನೆಟ್ಟಗೆ ನಡೆಯಲು ಒದ್ದಾಡಿದ್ದೇನೆ. ಹೇಳಬೇಕು ಅನ್ನಿಸಲಿಲ್ಲವೆ?

ಪೂರ್ತಿ ಬರೆದು ಉತ್ತರ ಕೊಡು.

ಏಪ್ರಿಲ್ 28

ಗುಂಡಿಗೆ,

ಹುಟ್ಟಿದಾಗಿನಿಂದ ಹಾಗೆ ಇದೆ. ಹೇಳಿ ಏನು ಮಾಡಬೇಕಿತ್ತು? ನೀನು ಕನ್ನಡಿಯ ಮುಂದೆ ಕೂತು ಅಳುತ್ತಿದ್ದೆ, ಅಷ್ಟೆ. ಇದು ಅಮ್ಮನ ಮಾತು, ಅಮ್ಮ ಹೋಗಿ ನಾಲ್ಕು ವರ್ಷವಾಯಿತು, ಈಗ ಕೆದಕಬೇಡ. ಒಂದು ದಿನವಾದರೂ ಯಾರಾದರೂ ನಿನ್ನನ್ನು ಓರೆ ಭುಜದವಳು ಎಂದದ್ದುಂಟೆ? ಅದು ನನ್ನ ಹೊಲಿಗೆಯ ಪುಣ್ಯ.

ಹನ್ನೊಂದು ಅಂಗಿ ಬಿಚ್ಚಿದ್ದಕ್ಕೆ ನಿನಗೆ ಏನೂ ಅನ್ನಿಸಲಿಲ್ಲ ಅಲ್ಲವೆ.

ಅಕ್ಕ

ಮೇ 9

ಅಕ್ಕ,

ಡಿಪೋದಲ್ಲಿ ವರ್ಷಕ್ಕೊಮ್ಮೆ ಡಾಕ್ಟರ ತಪಾಸಣೆ ಇರುತ್ತದೆ. ಮೊನ್ನೆ ಆಯಿತು. ಇಷ್ಟು ವರ್ಷ ಕಣ್ಣು ಪರೀಕ್ಷೆ ಮಾಡಿ ಕಳಿಸುತ್ತಿದ್ದರು, ಈ ಸಲ ನಾನೇ ಭುಜ ತೋರಿಸಿದೆ. ಹಿಂದಕ್ಕೆ, ಮುಂದಕ್ಕೆ, ಮೇಲಕ್ಕೆ ಕೈ ಎತ್ತಿಸಿ ನೋಡಿದರು. ಬಸ್ಸು ಓಡಿಸಲು ಏನೂ ತೊಂದರೆ ಇಲ್ಲ ಎಂದರು. ಹುಟ್ಟಿನಿಂದ ಬಂದದ್ದಾ ಎಂದು ಕೇಳಿದೆ.

"ಹುಟ್ಟಿನಿಂದ ಬಂದಿದ್ದಲ್ಲಮ್ಮ ಇದು. ನರಕ್ಕೆ ಪೆಟ್ಟು ಬಿದ್ದಿದೆ, ತುಂಬ ಹಳೇದು. ಎಳೇ ಮಗು ಇದ್ದಾಗ ಯಾರೋ ಕೈ ಹಿಡಿದು ಜೋರಾಗಿ ಎಳೆದಿರಬೇಕು. ಆಗಲೇ ತೋರಿಸಿದ್ರೆ ಎಷ್ಟೋ ಸರಿಹೋಗ್ತಿತ್ತು. ಮನೇಲಿ ಯಾರೂ ಹೇಳ್ಲಿಲ್ವಾ?"

ಮನೆಯಲ್ಲಿ ಯಾರೂ ಹೇಳಲಿಲ್ಲ ಎಂದೆ. ನಾಚಿಕೆಯಾಯಿತು, ನಾನೇನೋ ತಪ್ಪು ಮಾಡಿದವಳ ಹಾಗೆ.

ಯಾರು ಎಳೆದದ್ದು? ಅಪ್ಪನಾ? ಅಪ್ಪ ನಿನ್ನನ್ನು ಹೊಡೆಯುತ್ತಿದ್ದದ್ದು ಗೊತ್ತು. ಅಪ್ಪನೇ ಆಗಿದ್ದರೆ ಹೇಳಿಬಿಡು. ಸತ್ತವರನ್ನು ಕಾಯುವುದು ಬೇಡ. ಎಳೆ ಅಂದರೆ ಏನು ಎಂದು ನನಗೆ ಅಷ್ಟು ಚೆನ್ನಾಗಿ ಪಾಠ ಹೇಳಿದೆಯಲ್ಲ, ಇದನ್ನೂ ಹೇಳು.

ಜೂನ್ 3

ಉತ್ತರ ಬಂದಿಲ್ಲ. ಮೂರು ವಾರ ದಾಟಿತು. ನೀನು ಕಳಿಸಿದ ಎರಡು ಗಟ್ಟಿ ಅಂಗಿಗಳು ಮಾತ್ರ ಬಂದವು, ಜೊತೆಗೊಂದು ಚೀಟಿಯೂ ಇಲ್ಲ. ಎಡಗಡೆ ಮುಟ್ಟಿ ನೋಡಿದೆ. ಆರು ಪದರ. ಇಷ್ಟಾದ ಮೇಲೂ.

ಇದರೊಂದಿಗೆ ಎಡಗಡೆಯ ಹದಿಮೂರು ಪ್ಯಾಡುಗಳಿವೆ. ನಿನ್ನವು, ಇಟ್ಟುಕೋ. ನನ್ನ ಮೈಗೆ ಬೇಡ.

ಜೂನ್ 17

ಗುಂಡಿ,

ಪ್ಯಾಡುಗಳು ಬಂದವು. ಗಿರಾಕಿಯೊಬ್ಬಳ ಮುಂದೆಯೇ ಲಕೋಟೆ ಒಡೆದೆ, ಎಲ್ಲ ಮೇಜಿನ ಮೇಲೆ ಬಿದ್ದವು. "ಇವೇನು?" ಎಂದಳು. ಅಂಗಡಿ ಮುಚ್ಚಿ ಮನೆಗೆ ಬಂದೆ.

ಅಪ್ಪನಲ್ಲ. ನಾನು.

ನನಗೆ ಒಂಬತ್ತು, ನಿನಗೆ ಒಂದೂವರೆ. ಅಮ್ಮ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ಅವಳಿಲ್ಲದಾಗ ಮಿಷನ್ ಮುಟ್ಟಬಾರದು ಎಂದಿತ್ತು, ಮುಟ್ಟಿದೆ. ನಿನಗೊಂದು ಫ್ರಾಕ್ ಹೊಲಿದು ಅಮ್ಮನಿಗೆ ತೋರಿಸಬೇಕು ಎಂದು ಆಸೆ. ನಿನ್ನನ್ನು ಮಿಷನ್ನಿನ ಹಲಗೆಯ ಮೇಲೇ ಕೂರಿಸಿಕೊಂಡಿದ್ದೆ. ನೀನು ಬಟ್ಟೆಯನ್ನು ನಿನ್ನ ಕಡೆಗೆ ಎಳೆದೆ, ಸೂಜಿ ನನ್ನ ಉಗುರಿನೊಳಗೆ ಇಳಿಯಿತು. ಆ ಗುರುತು ನೀನು ನೋಡಿದ್ದೀಯ, ಹೊಲಿಗೆ ಕಲಿಯುವಾಗ ಆದದ್ದು ಎಂದು ಹೇಳಿದ್ದೆ. ಸೂಜಿಯಿಂದ ಬೆರಳು ಬಿಡಿಸಿಕೊಂಡೆ. ಆಮೇಲೆ ನಿನ್ನ ಎಡಗೈ ಹಿಡಿದು ಎಳೆದು ನೆಲಕ್ಕೆ ಹಾಕಿದೆ. ಸಿಟ್ಟಿನಿಂದಲೇ ಎಳೆದೆ, ಕೈಜಾರಿ ಆದದ್ದಲ್ಲ. ಸುಳ್ಳು ಹೇಳಿ ಸಾಕಾಗಿದೆ.

ಹದಿನೈದು ದಿನ ನಿನ್ನ ಕೈ ಮೇಲೇಳಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ನಾನೇ ಅತ್ತೆ. ಅಮ್ಮ, "ಯಾರು ಎಳೆದದ್ದು ಅಂತ ಕೇಳ್ತಾರೆ. ನಿಮ್ಮಪ್ಪಂಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾರೆ. ಬಾಯಿ ಮುಚ್ಕೊಂಡಿರು" ಎಂದಳು. ಅರಿವೆಯಲ್ಲಿ ಕೈ ಕಟ್ಟಿ, ಬಿದ್ದಳು ಎಂದು ಅಪ್ಪನಿಗೆ ಹೇಳಿದಳು. ನನ್ನ ಚರ್ಮ ಉಳಿಸಲು ನಿನ್ನ ಭುಜ ಕೊಟ್ಟಳು. ಅವಳ ಮೇಲೆ ನನಗೆ ಇವತ್ತಿಗೂ ಕೋಪವಿದೆ, ನನ್ನನ್ನು ಉಳಿಸಿದ್ದಕ್ಕೆ.

ಬನಿಯನ್ ಬಟ್ಟೆ ಹೇಗೆ ಗೊತ್ತು ಎಂದು ಕೇಳಿದ್ದೆ. ನೀನು ಬಸ್ಸಿನ ಕೆಲಸಕ್ಕೆ ಸೇರಿದ ವರ್ಷ, ನಿನಗೆ ಅನುಕೂಲವಾಗಲಿ ಎಂದು ಅದರಲ್ಲೇ ಹೊಲಿದೆ. ಏಳು ಸಲ ಹೊಲಿದೆ, ಏಳು ಸಲವೂ ಬಿಚ್ಚಿದೆ. ಎಷ್ಟು ಸಣ್ಣದಾಗಿ ಕೂರಿಸಿದರೂ ಪ್ಯಾಡಿನ ಅಂಚು ಹೊರಗೆ ಎದ್ದು ಕಾಣುತ್ತದೆ. ಆ ಬಟ್ಟೆ ಏನನ್ನೂ ಬಚ್ಚಿಟ್ಟುಕೊಳ್ಳುವುದಿಲ್ಲ. ಅದಕ್ಕೇ ನನಗೆ ಅದು ಆಗದು.

ಗೂನು ಹಾಕಿಕೊಂಡು ನಡೆಯುತ್ತೀ ಎಂದು ಬೈದದ್ದು ಎಳೆದದ್ದಕ್ಕಿಂತ ಕೆಟ್ಟದ್ದು. ಎಳೆದಾಗ ನನಗೆ ಒಂಬತ್ತು. ಬೈದಾಗ ಇಪ್ಪತ್ತು ದಾಟಿತ್ತು, ಎಲ್ಲ ಗೊತ್ತಿತ್ತು. ನೀನು ಅತ್ತಾಗಲೆಲ್ಲ ಭಯವಾಗುತ್ತಿತ್ತು. ಭಯವಾದಾಗ ಬೈಯುತ್ತಿದ್ದೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಮಸಿ ಕಾಣುತ್ತಿದೆಯಲ್ಲ, ಅದೇ. ಇಷ್ಟು ವರ್ಷ ನಿನ್ನಿಂದ ಬಚ್ಚಿಟ್ಟು, ಈಗ ಕ್ಷಮೆ ಕೇಳುವುದಕ್ಕೂ ನಾಚಿಕೆ.

ಅಕ್ಕ

ಜುಲೈ 6

ಅಕ್ಕ,

ನಿನ್ನ ಕಾಗದವನ್ನು ಬಸ್ಸಿನಲ್ಲೇ ಓದಿದೆ, ಕೊನೆಯ ನಿಲ್ದಾಣದಲ್ಲಿ, ಜನ ಇಳಿದ ಮೇಲೆ. ಕಂಡಕ್ಟರಮ್ಮ ಏನಾಯಿತು ಎಂದಳು. ಏನೂ ಇಲ್ಲ ಎಂದೆ. ನೋಡು, ಮುಚ್ಚಿಡುವುದು ನನಗೂ ಬರುತ್ತದೆ.

ಒಂಬತ್ತು ವರ್ಷದ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳ ಬೆರಳಿಗೂ ಯಾರೂ ಔಷಧ ಹಚ್ಚಿರಲಿಕ್ಕಿಲ್ಲ. ಇಪ್ಪತ್ತು ವರ್ಷದವಳ ಮೇಲೆ ಇದೆ. ನಲವತ್ನಾಲ್ಕರವಳ ಮೇಲೆ ಇನ್ನೂ ಹೆಚ್ಚು. ಈ ಏಪ್ರಿಲ್‌ನಲ್ಲಿ ನನ್ನ ಕತ್ತರಿಯದೇ ತಪ್ಪು ಎಂದು ಬರೆದವಳು ಅವಳು. ನಾನು ಮೂರು ಸಲ ಬಟ್ಟೆ ಹಾಳುಮಾಡಿಕೊಂಡು ನನ್ನನ್ನೇ ಬೈದುಕೊಳ್ಳುತ್ತಿದ್ದಾಗ ಅವಳಿಗೆ ಎಲ್ಲ ಗೊತ್ತಿತ್ತು. ಅಮ್ಮನ ಮೇಲೂ ಕೋಪವಿದೆ. ಅವಳಿಗೆ ಕಾಗದ ಬರೆಯುವ ಹಾಗಿಲ್ಲ, ಅವಳ ಪಾಲಿನದನ್ನೂ ನೀನೇ ಓದಿಕೋ. ಈ ಕೋಪ ಯಾವಾಗ ಇಳಿಯುತ್ತದೆ, ಇಳಿಯುತ್ತದೋ ಇಲ್ಲವೋ, ಗೊತ್ತಿಲ್ಲ. ಬೇಗ ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಟಾಪ್ ಆಯಿತು. ಈ ಸಲ ಬಟ್ಟೆಯನ್ನು ಮಡಿಸಲಿಲ್ಲ. ಪೂರ್ತಿ ಬಿಡಿಸಿ ಹಾಸಿ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಗೆರೆ ಹಾಕಿದೆ. ಎಡ ಭುಜವನ್ನು ಒಂದೂಕಾಲು ಇಂಚು ಇಳಿಸಿದೆ, ಕಂಕುಳನ್ನೂ ಅಷ್ಟೇ ಇಳಿಸಿದೆ. ಮೇಜಿನ ಮೇಲೆ ನೋಡಿದರೆ ಸೊಟ್ಟ ಟಾಪು, ನೀನಾಗಿದ್ದರೆ ಬಿಚ್ಚಿ ಹಾಕುತ್ತಿದ್ದೆ. ಹಾಕಿಕೊಂಡೆ. ಒಂದೂ ಮಡಿಕೆಯಿಲ್ಲ. ಕತ್ತು ಕತ್ತಿನ ಜಾಗದಲ್ಲೇ ನಿಂತಿತು. ಸೋಮವಾರ ದೊಡ್ಡ ವೃತ್ತವನ್ನು ಎರಡು ಕೈಯಲ್ಲೂ ಪೂರ್ತಿ ತಿರುಗಿಸಿದೆ, ಸದ್ದಿಲ್ಲ. ಭುಜ ಓರೆ ಇರುವುದು ಎಲ್ಲರಿಗೂ ಕಾಣುತ್ತದೆ. ಕಂಡಕ್ಟರಮ್ಮ, "ಇವತ್ತು ಬಟ್ಟೆ ನಿಮ್ದೇ ಅನ್ನಿಸ್ತಿದೆ" ಎಂದಳು. ಫೋಟೋ ಇಟ್ಟಿದ್ದೇನೆ. ಎಡಗಡೆಯಿಂದ ತೆಗೆಸಿದ್ದು.

ಇನ್ನು ನನಗೆ ನೀನು ಹೊಲಿಯಬೇಡ. ನನ್ನ ಅಳತೆಯ ಪುಟಗಳನ್ನು ಹರಿದು ಕಳಿಸು, ಅವು ನನ್ನವು.

ನಿನ್ನ ಅಳತೆಯನ್ನೂ ಕಳಿಸು. ಇದೇ ಬಟ್ಟೆ ಎರಡು ಮೀಟರ್ ಉಳಿದಿದೆ. ಇದು ಪ್ರೀತಿ ಎಂದು ಹಿಗ್ಗಬೇಡ. ಬಟ್ಟೆ ಉಳಿದಿದೆ, ಅಷ್ಟೆ. ನಿನ್ನ ಬೆನ್ನಿನ ಅಳತೆಯನ್ನು ನೀನೇ ತೆಗೆದುಕೊಳ್ಳಲಾಗುವುದಿಲ್ಲ, ಯಾರ ಕೈಯಲ್ಲಾದರೂ ತೆಗೆಸು. ಸುಳ್ಳು ಇಂಚು ಬರೆಯಬೇಡ. ಈ ಬಟ್ಟೆ ಹೇಳಿಬಿಡುತ್ತದೆ.

ಗುಂಡಿ

ಜುಲೈ 19

ಗುಂಡಿಗೆ,

ಫೋಟೋ ನೋಡಿದೆ. ಕೆಳಗಿನ ಅಂಚು ಬಲಗಡೆ ಸ್ವಲ್ಪ ಅಲೆ ಬಿದ್ದಿದೆ, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತು, ಹೋಗುತ್ತದೆ. ಭುಜ ಕೂತಿದೆ. ಭುಜದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನಿನ್ನ ಪುಟಗಳು ಇದರ ಜೊತೆಗಿವೆ. ಪ್ರತಿ ವರ್ಷದ ಕೊನೆಯ ಸಾಲು ಓದು, ಆ ವರ್ಷ ಎಡ ಭುಜ ಎಷ್ಟು ಕೆಳಗಿತ್ತು ಎಂದು ಸಣ್ಣಕ್ಷರದಲ್ಲಿದೆ.

ಅಳತೆ ತೆಗೆಯುವವರು ಯಾರೂ ಸಿಗಲಿಲ್ಲ. ಎದುರಂಗಡಿಗೆ ಹೋದೆ. ಆರು ವರ್ಷದ ಮೇಲೆ ಅವಳ ಮೆಟ್ಟಿಲು ಹತ್ತಿ, ಕೈ ಅಗಲಿಸಿ ನಿಂತೆ. ಊರಿನವರ ಮೈಗೆಲ್ಲ ಟೇಪು ಸುತ್ತಿದವಳು ನಾನು, ನನ್ನ ಮೈಗೆ ಟೇಪು ಬಿದ್ದಾಗ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವಳ ಟೇಪು ಬೆನ್ನಿನ ಹತ್ತಿರ ಬಂದು ನಿಂತಿತು. "ಬರೀಲಾ?" ಎಂದಳು. "ಬರಿ" ಎಂದೆ.

ಎದೆ ಮೂವತ್ತೆಂಟು. ಸೊಂಟ ಮೂವತ್ತಾರು. ಭುಜ ಹದಿನೈದು, ಎರಡೂ ಸಮ. ತೋಳು ಒಂಬತ್ತು. ಉದ್ದ ಇಪ್ಪತ್ತಾರು.

ಬೆನ್ನಿನ ಮೇಲ್ಗಡೆ ಗೂನು, ಒಂದು ಇಂಚು. ಮಿಷನ್ನಿನ ಮುಂದೆ ಕೂತು ಕೂತು ಬಂದದ್ದು.

ಮುಚ್ಚಬೇಡ.

ಅಕ್ಕ